ಗಾಲಿಯ ತಡೆಯೂ ಕೈಯ ವಿದ್ಯೆಯೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳ ಜನಜೀವನದಲ್ಲಿ ಹಿಂದೆ ಚಕ್ಕಡಿಗೆ ಇದ್ದ ಸ್ಥಾನವನ್ನು ಇಂದು ಮೋಟಾರು ಸೈಕಲ್ಲು ಪಡೆದುಕೊಂಡಿದೆ. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ಎರಡೂ ಮಗ್ಗುಲಿಗೆ ತೂಗುಹಾಕಿಕೊಂಡು ಡೇರಿಗೆ ಹೋಗುವ ರೈತ, ಗೊಬ್ಬರದ ಚೀಲವನ್ನು ಹಿಂದಿನ ಆಸನಕ್ಕೆ ಬಿಗಿದು ಕಬ್ಬಿನ ಹೊಲದ ದಾರಿ ಹಿಡಿಯುವ ಒಕ್ಕಲಿಗ, ಹತ್ತಿಪ್ಪತ್ತು ಕಿಲೋಮೀಟರು ದೂರದ ಶಾಲೆಗೆ ನಿತ್ಯವೂ ಹೋಗಿಬರುವ ಶಿಕ್ಷಕ, ಮಡದಿ ಮಕ್ಕಳೊಡನೆ ಜಾತ್ರೆಗೆ ಹೊರಟ ಗೃಹಸ್ಥ, ಇವರೆಲ್ಲರಿಗೂ ಅದೇ ವಾಹನ. ಇಂಥ ನಿತ್ಯದ ಸಂಗಾತಿಯನ್ನು ಓಡಿಸುವ ವಿದ್ಯೆಯು ಅನೇಕರಿಗೆ ಕರಗತವಾಗಿದೆ. ಆದರೆ ಅದು ನಿಲ್ಲುವುದು ಹೇಗೆ, ನಿಲ್ಲಿಸುವ ಅಂಗಕ್ಕೆ ಏನಾಗುತ್ತದೆ ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ಓಡುವುದರಲ್ಲಿ ಇರುವ ಕುತೂಹಲ ನಿಲ್ಲುವುದರಲ್ಲಿ ಇಲ್ಲದಿರುವುದು ಮಾನವ ಸಹಜವಾದರೂ, ಜೀವದ ಪ್ರಶ್ನೆ ಅಡಗಿರುವುದು ಎರಡನೆಯದರಲ್ಲಿಯೇ ಎಂಬುದನ್ನು ಮರೆಯಲಾಗದು.

ಸಂಸ್ಕೃತದಲ್ಲಿ 'ಯಂತ್ರ' ಎಂಬ ಶಬ್ದ ಹುಟ್ಟಿರುವುದು 'ಯಮ್' ಎಂಬ ಧಾತುವಿನಿಂದ. ಹಿಡಿತದಲ್ಲಿಡು, ತಡೆ, ನಿಗ್ರಹಿಸು ಎಂಬುದು ಆ ಧಾತುವಿನ ಅರ್ಥ. ಅದಕ್ಕೆ ಸಾಧನಾರ್ಥದ 'ತ್ರ' ಪ್ರತ್ಯಯ ಸೇರಿದಾಗ ತಡೆಹಿಡಿಯುವ ಸಾಧನವೇ ಯಂತ್ರವೆಂದಾಯಿತು. ಅದೇ ಧಾತುವಿನಿಂದ ಹುಟ್ಟಿದ 'ಯಂತೃ' ಶಬ್ದಕ್ಕೆ ಸಾರಥಿ ಎಂದು ಅರ್ಥ. ಕುದುರೆಗಳನ್ನು ಓಡಿಸುವವನು ಎನ್ನುವುದಕ್ಕಿಂತ ಅವುಗಳನ್ನು ಅಂಕೆಯಲ್ಲಿಡುವವನು ಸಾರಥಿ ಎಂಬ ಭಾವವು ಅದರಲ್ಲಿ ಮುಖ್ಯವಾಗಿದೆ. ಈ ದೃಷ್ಟಿಯಿಂದ ನೋಡಿದರೆ ಮೋಟಾರು ಸೈಕಲ್ಲಿನಲ್ಲಿ ಯಂತ್ರವೆಂಬ ಹೆಸರಿಗೆ ಅಕ್ಷರಶಃ ಪಾತ್ರವಾದ ಅಂಗ ಎಂಜಿನ್ ಅಲ್ಲ, ಬ್ರೇಕು. ಆ ಬ್ರೇಕು ಅತಿಯಾಗಿ ಬಿಸಿಯೇರುವುದೇಕೆ, ಬಿಸಿಯೇರಿದಾಗ ಅದರ ಹಿಡಿತ ಸಡಿಲುವುದೇಕೆ, ಅದನ್ನು ಅರಿತು ನೋಡಿಕೊಳ್ಳುವ ಸಾಮಾನ್ಯ ಕೈಗೆಲಸವನ್ನು ಓದುಬರಹ ಬಲ್ಲವರು ಕಲಿಯಬೇಕಾದುದೇಕೆ ಎಂಬುದೇ ಪ್ರಸ್ತುತ ವಿಷಯ.

ವೇಗವು ಎಲ್ಲಿಗೆ ಹೋಗುತ್ತದೆ?

ಓಡುವ ವಾಹನದಲ್ಲಿ ಚಲನಶಕ್ತಿ ಇರುತ್ತದೆಂದು ಪ್ರೌಢಶಾಲೆಯ ವಿಜ್ಞಾನ ಪಠ್ಯವು ತಿಳಿಸುತ್ತದೆ. ವಾಹನ ನಿಂತ ಬಳಿಕ ಆ ಶಕ್ತಿ ನಾಶವಾಗುವುದಿಲ್ಲ. ಅದು ಬಹುಮಟ್ಟಿಗೆ ಶಾಖವಾಗಿ ಪರಿವರ್ತನೆಗೊಳ್ಳುತ್ತದೆ. 1798ರಲ್ಲಿ ಕೌಂಟ್ ರಮ್‌ಫೋರ್ಡ್ ಎಂಬಾತನು ಮ್ಯೂನಿಕ್ ನಗರದಲ್ಲಿ ಫಿರಂಗಿಯ ನಳಿಕೆಗಳನ್ನು ಕೊರೆಯುವಾಗ ಲೋಹವು ಎಡೆಬಿಡದೆ ಬಿಸಿಯಾಗುತ್ತಿದ್ದುದನ್ನು ಪರೀಕ್ಷಿಸಿ, ತಿಕ್ಕಾಟ ಇರುವವರೆಗೂ ಶಾಖ ಹುಟ್ಟುತ್ತಲೇ ಇರುತ್ತದೆಂದು ತೋರಿಸಿದನು. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬ ವಿಜ್ಞಾನಿಯು ತೂಕದ ಗುಂಡುಗಳನ್ನು ಮೇಲಿನಿಂದ ಮೆಲ್ಲನೆ ಕೆಳಗಿಳಿಸಿ, ಆ ಇಳಿತದ ಬಲದಿಂದ ನೀರಿನಲ್ಲಿ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂಬುದನ್ನು ಅಳೆದನು. ಶಕ್ತಿಯ ಅಳತೆಗೆ ಆತನ ಹೆಸರೇ ನಿಂತಿದೆ.

ಒಂದು ಲೆಕ್ಕವನ್ನು ನೋಡಬಹುದು. ವಾಹನದ ತೂಕ 120 ಕಿಲೋ, ಕುಳಿತ ಇಬ್ಬರದು 130 ಕಿಲೋ, ಹಿಂದೆ ಬಿಗಿದ ಚೀಲ 50 ಕಿಲೋ. ಒಟ್ಟು 300 ಕಿಲೋ. ಇದು ಗಂಟೆಗೆ 60 ಕಿಲೋಮೀಟರು ವೇಗದಿಂದ ಬಂದು ನಿಲ್ಲಬೇಕಾದರೆ ಸುಮಾರು 41,700 ಜೂಲ್ ಶಕ್ತಿಯು ಶಾಖವಾಗಬೇಕು. ಒಂದು ಸಣ್ಣ ಲೋಟ, ಎಂದರೆ ಸುಮಾರು 130 ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಒಮ್ಮೆ ವಾಹನ ನಿಲ್ಲಿಸಿದರೆ ಒಂದು ಲೋಟ ಚಹದ ನೀರು ಕಾಯಿಸಿದಂತೆ! ವೇಗ ಅರ್ಧವಾದರೆ ಶಾಖವೂ ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ನಿಲ್ಲಿಸುವವನ ಬ್ರೇಕು 60 ಕಿಲೋಮೀಟರಿನವನ ಬ್ರೇಕಿನ ಕಾಲುಭಾಗದಷ್ಟೇ ಕೆಲಸ ಮಾಡುತ್ತದೆ. ನಿಧಾನವೇ ಪ್ರಧಾನವೆಂಬ ರೂಢಿಯ ಮಾತಿಗೆ ಗಣಿತದ ಬೆಂಬಲವೂ ಇದೆ.

ಬಯಲಿನಲ್ಲಿ ಹೀಗೆ ಹುಟ್ಟಿದ ಶಾಖವು ಮುಂದಿನ ಸಲ ಬ್ರೇಕು ಹಿಡಿಯುವುದರೊಳಗೆ ಗಾಳಿಗೆ ಹರಿದುಹೋಗುತ್ತದೆ. ಅಥಣಿ, ಕಾಗವಾಡದ ಸಮತಟ್ಟಾದ ಎರೆನೆಲದ ದಾರಿಗಳಲ್ಲಿ ಆದ್ದರಿಂದಲೇ ಬ್ರೇಕಿನ ಬಿಸಿಯ ಮಾತು ಹೆಚ್ಚಾಗಿ ಕೇಳಿಬರುವುದಿಲ್ಲ. ಇಳಿಜಾರಿನ ಸಂಗತಿ ಬೇರೆ. ಬೆಳಗಾವಿಯ ಕಡೆಯಿಂದ ಸಂಕೇಶ್ವರವನ್ನು ದಾಟಿ ನಿಪ್ಪಾಣಿಗೆ ಬರುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಸ್ತವನಿಧಿ ಕ್ಷೇತ್ರದ ಬಳಿಯ ತವಂದಿ ಘಾಟು ಇಳಿಯುವಾಗ ಭಾರದ ವಾಹನಗಳ ಬ್ರೇಕಿನಿಂದ ಕಮಟು ವಾಸನೆ ಹೊಮ್ಮುವುದನ್ನು ಆ ದಾರಿಯ ಪ್ರಯಾಣಿಕರು ಬಲ್ಲರು. ಮೊದಲು 4 ಎಂದು ಹೆಸರಾಗಿದ್ದ ಈ ಹೆದ್ದಾರಿಗೆ ಈಗ 48 ಎಂಬ ಸಂಖ್ಯೆ ಇದೆ. ಅದು ಅಗಲವಾಗಿದೆ, ನುಣುಪಾಗಿದೆ. ಆದರೆ ದಾರಿ ಎಷ್ಟು ನುಣುಪಾದರೂ ಎತ್ತರವು ಎತ್ತರವೇ. ಅದೇ 300 ಕಿಲೋ ತೂಕವು 100 ಮೀಟರು ಎತ್ತರವನ್ನು ಇಳಿದರೆ ಸುಮಾರು 2,94,000 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಿಂದ ಏಳು ಸಲ ಒಂದರ ಹಿಂದೊಂದರಂತೆ ನಿಲ್ಲಿಸಿದಷ್ಟು ಶಾಖವಿದು. ಜೂಲನ ಪ್ರಯೋಗದಲ್ಲಿ ಇಳಿಯುತ್ತಿದ್ದ ಗುಂಡಿನ ಸ್ಥಾನದಲ್ಲಿ ಇಲ್ಲಿ ಸವಾರನೇ ಕುಳಿತಿರುತ್ತಾನೆ.

ಇದೇ ಜಿಲ್ಲೆಯ ಗೋಕಾಕ ಜಲಪಾತದಲ್ಲಿ ಘಟಪ್ರಭೆಯ ನೀರು ಸುಮಾರು 52 ಮೀಟರು ಕೆಳಕ್ಕೆ ಧುಮುಕುತ್ತದೆ. ಬಿದ್ದ ರಭಸವೆಲ್ಲವೂ ಶಾಖವಾದರೂ ಆ ನೀರು ಒಂದು ಡಿಗ್ರಿಯ ಎಂಟನೆಯ ಒಂದು ಪಾಲಿನಷ್ಟೇ ಬೆಚ್ಚಗಾಗುತ್ತದೆ. ಬಿದ್ದ ನೀರೆಲ್ಲವೂ ಆ ಶಾಖವನ್ನು ಸಮನಾಗಿ ಹಂಚಿಕೊಳ್ಳುವುದೇ ಇದಕ್ಕೆ ಕಾರಣ. ಮೋಟಾರು ಸೈಕಲ್ಲಿನಲ್ಲಿ ಈ ಹಂಚಿಕೆ ಇಲ್ಲ. 300 ಕಿಲೋ ತೂಕದ ಇಳಿತದಿಂದ ಹುಟ್ಟಿದ ಶಾಖವನ್ನು ಸುಮಾರು 3 ಕಿಲೋ ತೂಕದ ಕಬ್ಬಿಣ ಒಂದೇ ಹೊರಬೇಕಾಗುತ್ತದೆ. ಗಾಳಿಗೆ ಏನೂ ಹೋಗದಿದ್ದರೆ ಆ ಕಬ್ಬಿಣವು 100 ಮೀಟರು ಇಳಿಯುವುದರೊಳಗೆ 200 ಡಿಗ್ರಿಗೂ ಮೀರಿ ಬಿಸಿಯೇರುತ್ತದೆ. ನೂರು ಜನರ ಹೊರೆಯನ್ನು ಒಬ್ಬನ ತಲೆಯ ಮೇಲೆ ಇಟ್ಟಂತೆ ಇದು. ಬ್ರೇಕು ಬಿಸಿಯಾಗುವುದು ದೋಷವಲ್ಲ, ಅದೇ ಅದರ ಕಾಯಕ. ಹುಟ್ಟಿದ ಬಿಸಿಗೆ ಹೊರಹೋಗಲು ಅವಕಾಶ ದೊರೆಯದಿರುವುದೇ ದೋಷ.

ಬಿಸಿಯಾದಾಗ ಹಿಡಿತ ಸಡಿಲುವ ಬಗೆ

ಸಾಮಾನ್ಯ ಮೋಟಾರು ಸೈಕಲ್ಲಿನ ಹಿಂದಿನ ಗಾಲಿಯ ನಡುವೆ ಒಂದು ಪೊಳ್ಳು ಡ್ರಮ್ಮು ಇದೆ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಅವುಗಳ ಬೆನ್ನಿಗೆ ಗಡಸು ಪದಾರ್ಥದ ಲೈನರ್ ಅಂಟಿಕೊಂಡಿರುತ್ತದೆ. ಕಾಲಿನಿಂದ ಪೆಡಲನ್ನು ಒತ್ತಿದಾಗ ಒಂದು ಸಲಾಕೆಯು ಹೊರಗಿನ ತೋಳನ್ನು ಎಳೆಯುತ್ತದೆ; ತೋಳಿನೊಡನೆ ಒಳಗಿನ ಕ್ಯಾಮ್ ಎಂಬ ಚಪ್ಪಟೆ ತಲೆಯ ಕೀಲು ಹೊರಳಿ ಶೂಗಳೆರಡನ್ನೂ ಅಗಲಿಸುತ್ತದೆ; ಅವು ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿಕೊಂಡು ತಿಕ್ಕುತ್ತವೆ. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಶೂಗಳನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತವೆ. ಚಕ್ಕಡಿಯ ಗಾಲಿಯ ಹಳಿಗೆ ಮರದ ತುಂಡನ್ನು ಒತ್ತಿ ಇಳಿಜಾರಿನಲ್ಲಿ ತಡೆಯುತ್ತಿದ್ದ ಹಳೆಯ ಉಪಾಯವನ್ನು ಕಂಡವರಿಗೆ ಇದರಲ್ಲಿ ಹೊಸತೇನೂ ಕಾಣದು. ಅಲ್ಲಿ ತಿಕ್ಕಾಟ ಹೊರಗೆ ಬಯಲಿನಲ್ಲಿ, ಇಲ್ಲಿ ಒಳಗೆ ಮುಚ್ಚಿದ ಡಬ್ಬಿಯಲ್ಲಿ, ಅಷ್ಟೇ ಭೇದ.

ಡ್ರಮ್ಮು ಮಿತಿಮೀರಿ ಕಾದಾಗ ಮೂರು ಪರಿಣಾಮಗಳು ತೋರುತ್ತವೆ. ಮೊದಲನೆಯದಾಗಿ, ಲೈನರಿನಲ್ಲಿರುವ ಅಂಟುಪದಾರ್ಥ ಬೆಂದು ಅದರ ಮೈ ಗಾಜಿನಂತೆ ನುಣುಪಾಗುತ್ತದೆ. ತಿಕ್ಕುವ ಗುಣ ತಗ್ಗಿ, ಎಷ್ಟು ಒತ್ತಿದರೂ ಗಾಲಿ ಜಾರುತ್ತದೆ. ಎರಡನೆಯದಾಗಿ, ಕಾದ ಲೋಹ ಹಿಗ್ಗುವ ನಿಯಮದಂತೆ ಡ್ರಮ್ಮು ಅಗಲಗೊಂಡು ಶೂಗಳಿಂದ ದೂರ ಸರಿಯುತ್ತದೆ. ಪೆಡಲು ಮೊದಲಿಗಿಂತ ಆಳಕ್ಕೆ ಇಳಿಯುತ್ತದೆ. ಮೂರನೆಯದಾಗಿ, ಗಾಲಿಯ ಬೇರಿಂಗಿನಲ್ಲಿರುವ ಗ್ರೀಸು ಕರಗಿ ಲೈನರಿನ ಮೇಲೆ ಹರಿಯುವ ಸಂಭವವೂ ಉಂಟು. ಹಾಗಾದರೆ ಆ ಲೈನರ್ ಮತ್ತೆ ಉಪಯೋಗಕ್ಕೆ ಬಾರದು.

ಈಚಿನ ವಾಹನಗಳ ಮುಂಗಾಲಿಗೆ ಡಿಸ್ಕ್ ಬ್ರೇಕು ಇರುವುದು ಸಾಮಾನ್ಯ. ತಟ್ಟೆ ಹೊರಗೆ ಗಾಳಿಗೆ ತೆರೆದಿರುವುದರಿಂದ ಅದು ಬೇಗನೆ ಆರುತ್ತದೆ. ಆದರೆ ಅಲ್ಲಿ ಕೈಯ ಒತ್ತಡವನ್ನು ಸಾಗಿಸುವುದು ಒಂದು ದ್ರವ. ಡಾಟ್ 3 ಎಂಬ ದರ್ಜೆಯ ಹೊಸ ದ್ರವವು ಕನಿಷ್ಠ 205 ಡಿಗ್ರಿಯವರೆಗೆ, ಡಾಟ್ 4 ದರ್ಜೆಯದು ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ಇರಬೇಕೆಂಬುದು ನಿಯಮ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ತೇವ ಹೀರಿದ ದ್ರವಕ್ಕೆ ನಿಯಮವು ಇಟ್ಟಿರುವ ಕನಿಷ್ಠ ಕುದಿಬಿಂದು ಡಾಟ್ 3ಕ್ಕೆ 140, ಡಾಟ್ 4ಕ್ಕೆ 155 ಡಿಗ್ರಿ ಮಾತ್ರ. ದ್ರವ ಕುದಿದರೆ ನಳಿಕೆಯಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ. ಆವಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು. ಆದ್ದರಿಂದ ಹಿಡಿಕೆಯು ಕೈಗೆ ತಾಗುವವರೆಗೆ ಬಂದರೂ ಗಾಲಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಿಸಬೇಕೆಂಬ ಸೂಚನೆಯ ಹಿಂದಿನ ಮರ್ಮ ಇದೇ.

ಭಾರತದಲ್ಲಿ 2019ರ ಏಪ್ರಿಲ್ 1ರಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಏರ್ಪಾಟು, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠಪಕ್ಷ ಎರಡೂ ಗಾಲಿಗಳ ಬ್ರೇಕನ್ನು ಕೂಡಿಸುವ ಸಿಬಿಎಸ್ ಏರ್ಪಾಟು ಕಡ್ಡಾಯವಾಯಿತು. ಇದು ಸ್ವಾಗತಾರ್ಹವಾದ ಕ್ರಮವೇ. ಆದರೆ ಎಬಿಎಸ್ ಗಾಲಿಯು ಒಮ್ಮೆಲೆ ಕಚ್ಚಿಕೊಂಡು ಜಾರುವುದನ್ನು ತಪ್ಪಿಸುತ್ತದೆಯೇ ಹೊರತು ಕಾದ ಬ್ರೇಕನ್ನು ತಣ್ಣಗಾಗಿಸುವುದಿಲ್ಲ.

ಸಮತಟ್ಟಾದ ದಾರಿಯಲ್ಲಿಯೂ ಕಾಯುವ ಬ್ರೇಕು

ಘಾಟು ಇಳಿಯದ ವಾಹನದ ಬ್ರೇಕು ಕೂಡ ಕಾಯುವುದುಂಟು. ಬ್ರೇಕು ಹಿಡಿಯದೆ ಇರುವುದು ಎಲ್ಲರಿಗೂ ತಿಳಿಯುವ ದೋಷ. ಬ್ರೇಕು ಬಿಡದೆ ಇರುವುದು ಬಹಳ ಹೊತ್ತು ಗುಪ್ತವಾಗಿರುವ ದೋಷ. ಇದನ್ನು ಸ್ಪಷ್ಟಪಡಿಸಲು ರಾಯಬಾಗದ ಕಡೆಯ ಒಬ್ಬ ಶಿಕ್ಷಕರನ್ನು ನಿದರ್ಶನಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅವರ ವಾಹನದ ಚೈನು ಸಡಿಲಾಗಿ ಸದ್ದು ಮಾಡುತ್ತಿದೆ. ಶಾಲೆಯ ವೇಳೆ ಸಮೀಪಿಸಿದೆ. ದಾರಿಯಲ್ಲಿ ಯಾರೋ ಹಿಂದಿನ ಗಾಲಿಯ ನಟ್ಟುಗಳನ್ನು ಸಡಿಲಿಸಿ, ಗಾಲಿಯನ್ನು ಎರಡು ಗೆರೆಯಷ್ಟು ಹಿಂದಕ್ಕೆ ಎಳೆದು, ಮತ್ತೆ ಬಿಗಿದು ಕೊಡುತ್ತಾರೆ. ಚೈನಿನ ಸದ್ದು ನಿಂತಿತು. ಶಿಕ್ಷಕರು ಸಂತುಷ್ಟರಾಗಿ ಹೊರಟರು.

ಆದರೆ ಗಾಲಿ ಹಿಂದೆ ಸರಿದಾಗ ಅದರೊಡನೆ ಬ್ರೇಕಿನ ತೋಳೂ ಹಿಂದೆ ಸರಿಯಿತು. ಮುಂದಿನ ಪೆಡಲು ಇದ್ದಲ್ಲಿಯೇ ಇದೆ. ನಡುವಿನ ಸಲಾಕೆಯ ಉದ್ದ ಬದಲಾಗಲಿಲ್ಲ. ಪರಿಣಾಮವೇನೆಂದರೆ, ಯಾರೂ ಕಾಲಿಡದಿದ್ದರೂ ಸಲಾಕೆಯು ತೋಳನ್ನು ಎಳೆದು ಹಿಡಿದೇ ಇರುತ್ತದೆ, ಶೂಗಳು ಡ್ರಮ್ಮಿಗೆ ತಾಗಿಯೇ ಇರುತ್ತವೆ. ಗಾಡಿ ಎಂದಿನಂತೆ ಎಳೆಯುವುದಿಲ್ಲ. ಎದುರುಗಾಳಿ ಇರಬೇಕೆಂದು ಅವರು ಭಾವಿಸುತ್ತಾರೆ. ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ಪಂಪಿನವರನ್ನು ಸಂಶಯಿಸುತ್ತಾರೆ. ಹತ್ತು ಹದಿನೈದು ಕಿಲೋಮೀಟರು ಸಾಗುವುದರೊಳಗೆ ಡ್ರಮ್ಮು ಕೆಂಡದ ಬಿಸಿಯನ್ನು ತಾಳಿರುತ್ತದೆ. ಆಗ ಇಳಿಜಾರು ಬಂದರೆ, ಅಥವಾ ಕಬ್ಬಿನ ಹಂಗಾಮಿನ ಸಂಜೆಯಲ್ಲಿ ದೀಪವಿಲ್ಲದ ಟ್ರೇಲರು ಎದುರಿಗೆ ನಿಂತಿದ್ದರೆ, ಮೊದಲೇ ದುಡಿದು ಬಳಲಿದ ಬ್ರೇಕಿನಲ್ಲಿ ಹಿಡಿತ ಉಳಿದಿರುವುದಿಲ್ಲ. ಚೈನು ಬಿಗಿದ ಮೇಲೆ ಸಲಾಕೆಯ ತುದಿಯ ನಟ್ಟನ್ನು ಎರಡು ಮೂರು ಸುತ್ತು ಸಡಿಲಿಸಿದ್ದರೆ ಈ ಅನಾಹುತ ತಪ್ಪುತ್ತಿತ್ತು. ಅದಕ್ಕೆ ಬೇಕಾದುದು ಅರ್ಧ ನಿಮಿಷ, ಒಂದು ಪಾನಾ, ಮತ್ತು ಒಂದು ಅಂಗಕ್ಕೂ ಇನ್ನೊಂದಕ್ಕೂ ಇರುವ ಸಂಬಂಧದ ತಿಳಿವಳಿಕೆ.

ಬ್ರೇಕು ಬಿಡದಿರಲು ಇನ್ನೂ ಕೆಲವು ಕಾರಣಗಳಿವೆ. ಪೆಡಲಿನ ಮೇಲೆ ಸದಾ ಕಾಲೂರಿ ಕುಳಿತುಕೊಳ್ಳುವ ಅಭ್ಯಾಸ ಒಂದು. ಸ್ಪ್ರಿಂಗು ಸಡಿಲಾಗುವುದು ಇನ್ನೊಂದು. ಮೂರನೆಯದು ಈ ಪ್ರದೇಶಕ್ಕೆ ವಿಶೇಷವಾದುದು. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಮಳೆಗಾಲದಲ್ಲಿ ತುಂಬಿ ಬಂದಾಗ ಕಲ್ಲೋಳ-ಯಡೂರ, ಕಾರದಗಾ-ಭೋಜ ಮುಂತಾದ ಕೆಳಮಟ್ಟದ ಸೇತುವೆಗಳು ಮುಳುಗುವುದು ವಾಡಿಕೆ. 2019ರ ಮತ್ತು 2021ರ ಮಹಾಪೂರಗಳಲ್ಲಿ ಊರೂರುಗಳೇ ಜಲಾವೃತವಾದವು. ನೀರಿನಲ್ಲಿ ನಿಂತ, ಕೆಸರಿನಲ್ಲಿ ಓಡಾಡಿದ ವಾಹನದ ಡ್ರಮ್ಮಿನೊಳಗೆ ತೇವ ಸೇರಿ ಕ್ಯಾಮಿನ ಕೀಲು ತುಕ್ಕು ಹಿಡಿಯುತ್ತದೆ. ಆಗ ಅದು ಒತ್ತಿದಾಗ ಹೊರಳುತ್ತದೆ, ಬಿಟ್ಟಾಗ ಮರಳುವುದಿಲ್ಲ. ಶ್ರಾವಣದಲ್ಲಿ ಸೇರಿದ ನೀರು ಮಾಘದಲ್ಲಿ ಬೆಂಕಿಯಾಗುವುದು ಹೀಗೆ. ಮಳೆಗಾಲ ಮುಗಿದೊಡನೆ ಗಾಲಿಯನ್ನು ಒಮ್ಮೆ ಬಿಚ್ಚಿಸಿ, ಕ್ಯಾಮನ್ನು ಶುಚಿಗೊಳಿಸಿ, ಅದರ ಕೀಲಿಗೆ ಮಾತ್ರ ತುಸು ಗ್ರೀಸು ಹಚ್ಚಿಸುವುದು ಉತ್ತಮ ಪದ್ಧತಿ.

ಪರೀಕ್ಷೆಯ ಕ್ರಮ, ಇಳಿಯುವ ಕ್ರಮ

ಪರೀಕ್ಷೆಯು ಯಾವ ಉಪಕರಣವನ್ನೂ ಬೇಡುವುದಿಲ್ಲ. ಗಾಡಿಯನ್ನು ನಡುವಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ ನಿಲ್ಲಿಸಿ, ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಬೇಕು. ಅದು ಸರಾಗವಾಗಿ ಕೆಲವು ಸುತ್ತು ತಿರುಗಿದರೆ ಸರಿ. ಕೆರೆಯುವ ಸದ್ದಿನೊಡನೆ ತಟ್ಟನೆ ನಿಂತರೆ ಬ್ರೇಕು ಬಿಡುತ್ತಿಲ್ಲವೆಂದು ತಿಳಿಯಬೇಕು. ಬಳಿಕ ಪೆಡಲನ್ನು ಕೈಯಿಂದ ಒತ್ತಿ, ಶೂ ತಾಗುವ ಮುನ್ನ ಅದು ಎಷ್ಟು ಇಳಿಯುತ್ತದೆಂದು ನೋಡಬೇಕು. ಸಾಮಾನ್ಯವಾಗಿ ಈ ಬಿಡುವು 20ರಿಂದ 30 ಮಿಲಿಮೀಟರು. ಆಯಾ ವಾಹನದ ಕೈಪಿಡಿಯ ಅಳತೆಯೇ ಅಂತಿಮ ಪ್ರಮಾಣ. ಹೊರಗಿನ ತೋಳಿನ ಬುಡದಲ್ಲಿ ಬಾಣದ ಗುರುತೊಂದು ಇರುತ್ತದೆ. ಬ್ರೇಕು ಪೂರ್ತಿ ಒತ್ತಿದಾಗ ಅದು ಸವೆತದ ಗೆರೆಯನ್ನು ಮುಟ್ಟಿದರೆ ಲೈನರ್ ತೀರಿತೆಂದೇ ಅರ್ಥ. ಅಂಥಲ್ಲಿ ನಟ್ಟನ್ನು ಮತ್ತಷ್ಟು ಬಿಗಿಯುವುದು ಆತ್ಮವಂಚನೆಯಾದೀತು.

ಓಡಿಸಿ ಬಂದ ಕೂಡಲೇ ಡ್ರಮ್ಮನ್ನಾಗಲಿ ತಟ್ಟೆಯನ್ನಾಗಲಿ ಮುಟ್ಟಲೇಬಾರದು. ಅಂಗೈಯ ಹಿಂಭಾಗವನ್ನು ಸಮೀಪಕ್ಕೆ ಒಯ್ದರೆ ಝಳ ತಿಳಿಯುತ್ತದೆ. ಬೆರಳ ತುದಿಯಿಂದ ಚಿಮುಕಿಸಿದ ಒಂದು ಹನಿ ನೀರು 'ಚುಂಯ್' ಎಂದು ಆರಿದರೆ ಬಿಸಿ 100 ಡಿಗ್ರಿಯನ್ನು ಮೀರಿದೆ. ಹನಿಯ ಬದಲು ಕೊಡ ನೀರು ಸುರಿಯುವುದು ಮಾತ್ರ ಅಪಾಯ. ಕಾದ ಎರಕದ ಕಬ್ಬಿಣ ಒಮ್ಮೆಲೆ ತಣಿದರೆ ಸೀಳುಬಿಡಬಹುದು, ಹಬೆಯಿಂದ ಮೈ ಸುಡಬಹುದು. ಡ್ರಮ್ಮು ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಂದ ಊದುವುದೂ ತಪ್ಪು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸುವುದೇ ಕ್ಷೇಮ.

ಇಳಿಜಾರಿನಲ್ಲಿ ಪೆಟ್ರೋಲು ಉಳಿಸಲೆಂದು ಗೇರು ತೆಗೆದು, ಕೆಲವೊಮ್ಮೆ ಎಂಜಿನ್ನನ್ನೇ ನಿಲ್ಲಿಸಿ ಜಾರಿಬಿಡುವ ಪರಿಪಾಠ ಹಲವರಲ್ಲಿದೆ. ಇದರಿಂದ ಇಳಿತದ ಹೊರೆ ಬಹುಪಾಲು ಬ್ರೇಕಿನ ಮೇಲೆಯೇ ಬೀಳುತ್ತದೆ. ಏರುವಾಗ ಬೇಕಾದ ಗೇರಿನಲ್ಲಿಯೇ ಇಳಿಯುವುದು ಪ್ರಶಸ್ತ. ಆಗ ಎಂಜಿನ್ನೇ ಗಾಲಿಯನ್ನು ಹಿಡಿದು ನಿಲ್ಲಿಸಲು ನೆರವಾಗುತ್ತದೆ, ಬ್ರೇಕಿಗೆ ಬಿಡುವು ದೊರೆಯುತ್ತದೆ. 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದ ತರುವಾಯದ ಬಹುತೇಕ ವಾಹನಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರನ್ನು ಪೂರ್ತಿ ಬಿಟ್ಟಾಗ ಪೆಟ್ರೋಲಿನ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ಆದುದರಿಂದ ಉಳಿತಾಯದ ವಾದವೂ ಈಗ ಬಲಹೀನ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಜಾವಾ, ಯಜ್ದಿ ವಾಹನಗಳನ್ನು ಬಳಸಿದ ಹಿರಿಯರಿಗೆ ಇನ್ನೊಂದು ಎಚ್ಚರವೂ ಗೊತ್ತು. ಆ ಎರಡು ಸ್ಟ್ರೋಕಿನ ಎಂಜಿನ್ನುಗಳು ಇಳಿಜಾರಿನಲ್ಲಿ ಅಷ್ಟಾಗಿ ತಡೆಯುತ್ತಿರಲಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆತಿರುತ್ತಿದ್ದುದರಿಂದ ಆಕ್ಸಿಲರೇಟರನ್ನು ದೀರ್ಘಕಾಲ ಮುಚ್ಚಿದರೆ ಎಂಜಿನ್ನಿಗೆ ಎಣ್ಣೆಯೂ ಸಾಲುತ್ತಿರಲಿಲ್ಲ. ಆದ್ದರಿಂದ ಬಲ್ಲವರು ಆಗಾಗ ತುಸು ತೆರೆದು ಬಿಡುತ್ತಿದ್ದರು. ಯಂತ್ರ ಬದಲಾದಂತೆ ನಡೆಯೂ ಬದಲಾಗಬೇಕು. ಕಾರಣವನ್ನು ಅರಿತವನಿಗೆ ಮಾತ್ರ ಅದು ಸಾಧ್ಯ.

ಇಳಿಯುವಾಗ ಬ್ರೇಕನ್ನು ಸದಾ ಮೆಲ್ಲಗೆ ಹಿಡಿದೇ ಇರುವ ಬದಲು ಎರಡೂ ಬ್ರೇಕುಗಳನ್ನು ಕೂಡಿಸಿ ದೃಢವಾಗಿ ಹಿಡಿದು, ವೇಗ ತಗ್ಗಿಸಿ, ಪೂರ್ತಿ ಬಿಡಬೇಕು. ಮತ್ತೆ ಅಗತ್ಯಬಿದ್ದಾಗ ಹಿಡಿಯಬೇಕು. ಕಮಟು ವಾಸನೆ ಬಂದರೆ, ಪೆಡಲು ಆಳಕ್ಕೆ ಇಳಿದರೆ, ದಾರಿಯ ಬದಿಯಲ್ಲಿ ಸುರಕ್ಷಿತ ಸ್ಥಳ ನೋಡಿ ನಿಲ್ಲಿಸಿ ಅರ್ಧ ಗಂಟೆ ಕಾಯುವುದೇ ಪರಿಹಾರ. ಒಂದು ವೇಳೆ ಬ್ರೇಕು ಸಂಪೂರ್ಣ ಕೈಕೊಟ್ಟರೆ ಕ್ಲಚ್ಚನ್ನು ಹಿಡಿದುಕೊಂಡೇ ಇರದೆ ಒಂದೊಂದೇ ಗೇರು ಕೆಳಗಿಳಿಸುತ್ತ ಬರಬೇಕು.

ಇಷ್ಟನ್ನು ಅರಿತವನು ಮಿಸ್ತ್ರಿಯಾದನೆಂದು ಭಾವಿಸಬಾರದು. ಡಿಸ್ಕಿನ ದ್ರವ ಬದಲಿಸುವುದು, ಶೂ ಹೊಸದಾಗಿ ಕೂಡಿಸುವುದು, ಎಬಿಎಸ್ ದುರಸ್ತಿ ಇವು ನುರಿತವರ ಕೆಲಸ. ದೋಷವನ್ನು ಗುರುತಿಸುವುದು, ಹಗುರವಾದುದನ್ನು ತಾನೇ ಸರಿಪಡಿಸುವುದು, ಭಾರವಾದುದನ್ನು ಬಲ್ಲವರಿಗೆ ಸರಿಯಾಗಿ ವಿವರಿಸುವುದು, ಈ ಮೂರು ಸಾಮಾನ್ಯನಿಗೆ ಸಾಕು.

ಕೈಯ ವಿದ್ಯೆಗೆ ಶಾಲೆಯಲ್ಲಿ ಸ್ಥಾನ

ಘರ್ಷಣೆ, ಶಾಖ, ಲೋಹದ ಹಿಗ್ಗುವಿಕೆ, ದ್ರವದ ಒತ್ತಡ, ಕುದಿಬಿಂದು ಇವೆಲ್ಲವೂ ಪ್ರೌಢಶಾಲೆಯ ಪಠ್ಯದಲ್ಲಿವೆ. ಅವನ್ನು ಬರೆದು ನೂರಕ್ಕೆ ತೊಂಬತ್ತು ಅಂಕ ಗಳಿಸಿದ ವಿದ್ಯಾರ್ಥಿಯು ತನ್ನ ತಂದೆಯ ಗಾಡಿಯ ಪೆಡಲಿನ ಬಿಡುವನ್ನು ನೋಡಲು ಅರಿಯದಿದ್ದರೆ ಆ ವಿದ್ಯೆಯು ಅರ್ಧಕ್ಕೆ ನಿಂತಿದೆ ಎಂದೇ ಹೇಳಬೇಕು. ಕೈಗೆ ಎಣ್ಣೆ ಮೆತ್ತಿಕೊಳ್ಳುವುದು ಓದಿದವರಿಗೆ ತರವಲ್ಲವೆಂಬ ಭಾವನೆ ಇದಕ್ಕೆ ಒಂದು ಕಾರಣ. ಆದರೆ ಈ ಭಾವನೆಗೆ ಈ ನಾಡಿನ ಪರಂಪರೆಯಲ್ಲಿ ಆಧಾರವಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ ಮೊದಲಾದವರ ಹೆಸರಿನ ಮುಂದೆ ಅವರ ಕಸುಬೇ ಬಿರುದಾಗಿ ನಿಂತಿದೆ. ಹಗ್ಗ ಹೊಸೆಯುವ ಕೈಯೂ ಅನುಭವ ನುಡಿಯುವ ನಾಲಗೆಯೂ ಬೇರೆಬೇರೆಯವರವಾಗಿರಲಿಲ್ಲ. ಅಥಣಿಯ ಚಪ್ಪಲಿ ಕುಶಲಕರ್ಮಿಗಳು ಚರ್ಮದ ಹದವನ್ನು ಬೆರಳಿನಿಂದಲೇ ತಿಳಿಯುತ್ತಾರೆ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ಜಿಲ್ಲೆಗಳೊಡನೆ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿದ್ದು ಆ ಬೆರಳುಗಳ ವಿದ್ಯೆಗೆ ಸಂದ ಮನ್ನಣೆ.

ಇದೇ ಜಿಲ್ಲೆಯ ಇನ್ನೊಂದು ನಿದರ್ಶನವು ಶಿಕ್ಷಕರಿಗೆ ವಿಶೇಷವಾಗಿ ಮನನೀಯ. 1869ರಲ್ಲಿ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತೋರದ ಕಾರಣ ವರ್ಣಚಿತ್ರವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರದತ್ತ ತಿರುಗಿ, ಅಲ್ಲಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅವರ ಉದ್ಯಮದ ಆರಂಭವೆಂದು 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯನ್ನು ಹೆಸರಿಸಲಾಗುತ್ತದೆ. ಸೈಕಲ್ಲಿನಿಂದ ಆರಂಭವಾದುದು ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಬೆಳೆಯಿತು. 1910ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಪುಸ್ತಕದ ಗೆರೆಯನ್ನೂ ಕೈಯ ಪಾನಾವನ್ನೂ ಒಟ್ಟಿಗೆ ಹಿಡಿದ ಒಬ್ಬ ಅಧ್ಯಾಪಕನಿಂದ ಏನು ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬನ್ನು ಶಿಕ್ಷಣದ ಕೇಂದ್ರದಲ್ಲಿಡಬೇಕೆಂದು ಮುಂದಿಟ್ಟ ಮೂಲಶಿಕ್ಷಣದ ತತ್ತ್ವವೂ ಇದನ್ನೇ ಸಾರಿತು.

ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳು ಇದನ್ನು ಆಚರಣೆಗೆ ತರಲು ದೊಡ್ಡ ಕಟ್ಟಡ ಬೇಕಿಲ್ಲ. ಓಡಾಟಕ್ಕೆ ಬಾರದ ಒಂದು ಹಳೆಯ ಮೋಟಾರು ಸೈಕಲ್ಲು, ಒಂದು ಗಟ್ಟಿ ಮೇಜು, ಅಳತೆಯ ಪಾನಾಗಳ ಒಂದು ಜೊತೆ, ಸ್ಕ್ರೂ ಡ್ರೈವರು, ಪಕ್ಕಡ, ಅಳತೆಪಟ್ಟಿ, ಒಂದು ಉಷ್ಣತಾಮಾಪಕ, ಇಷ್ಟಿದ್ದರೆ ಶನಿವಾರದ ಎರಡು ತಾಸಿನ ಪಾಠ ನಡೆಯುತ್ತದೆ. ವಿಜ್ಞಾನದ ಶಿಕ್ಷಕರು ಕಾರಣವನ್ನು ತಿಳಿಸಲಿ. ಊರಿನ ಗ್ಯಾರೇಜಿನ ಅನುಭವಿ ಮಿಸ್ತ್ರಿಯನ್ನು ಗೌರವದಿಂದ ಕರೆತಂದು ಕ್ರಿಯೆಯನ್ನು ಕಲಿಸುವ ಗುರುಪೀಠದಲ್ಲಿ ಕೂರಿಸಲಿ. ಹೆಣ್ಣುಮಕ್ಕಳಿಗೂ ಈ ಪಾಠ ಸಮಾನವಾಗಿ ಸಲ್ಲಬೇಕು. ವಾಹನ ಕೈಕೊಟ್ಟ ದಾರಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಗೇರಿರುವ ವಾಹನ ಓಡಿಸಲು 18 ವರ್ಷ ತುಂಬಿರಬೇಕೆಂಬುದು ಕಾನೂನು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರ ಕೈಗೆ ವಾಹನ ಕೊಟ್ಟ ಪಾಲಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆವಾಸವೂ ಒದಗಬಹುದು. ಯಂತ್ರವನ್ನು ಅರಿಯುವುದಕ್ಕೆ ಅದನ್ನು ಓಡಿಸಬೇಕಿಲ್ಲ. ನಿಂತ ಗಾಡಿಯೇ ಉತ್ತಮ ಪಾಠಪುಸ್ತಕ.

ಹಳೆಯ ವಿದ್ಯಾರ್ಥಿಗಳಲ್ಲಿ ಎಂಜಿನಿಯರರಾದವರು, ಕಾರ್ಖಾನೆಗಳಲ್ಲಿ ದುಡಿಯುವವರು, ಸ್ವಂತ ಗ್ಯಾರೇಜು ನಡೆಸುವವರು ಅನೇಕರಿದ್ದಾರೆ. ವರ್ಷಕ್ಕೆ ಎರಡು ಶನಿವಾರಗಳನ್ನು ಅವರು ದಾನವಾಗಿ ಕೊಟ್ಟರೆ ಅದು ಹಣಕ್ಕಿಂತ ಮಿಗಿಲಾದ ದಾನ. ದಾನಿಗಳು ಒಂದು ಗೋಡೆಯ ಮೇಲೆ ಹೆಸರು ಕೆತ್ತಿಸುವಷ್ಟೇ ಸಂತೋಷದಿಂದ ಒಂದು ಪಾನಾಗಳ ಪೆಟ್ಟಿಗೆಯನ್ನು ಕೊಡುವಂತಾದರೆ ಆ ಪೆಟ್ಟಿಗೆಯು ಅನೇಕ ಮನೆಗಳ ದೀಪವನ್ನು ಕಾಯುತ್ತದೆ.

ಪಾಠಕ್ಕೆ ಹೋದ ಶಿಕ್ಷಕ ಸಂಜೆ ಮನೆಗೆ ಮರಳಬೇಕು. ಹಾಲು ಹಾಕಿ ಬರಲು ಹೋದ ತಂದೆ ಉಪಾಹಾರದ ಹೊತ್ತಿಗೆ ಬಂದು ಸೇರಬೇಕು. ಅದು ಒಂದು ನಟ್ಟಿನ ಎರಡು ಸುತ್ತಿನ ಮೇಲೆ ನಿಂತಿರುವ ದಿನಗಳು ಇವೆ. ಆ ಎರಡು ಸುತ್ತನ್ನು ಯಾವ ಕಡೆಗೆ, ಏಕೆ ತಿರುಗಿಸಬೇಕೆಂಬುದನ್ನು ಮಗನೋ ಮಗಳೋ ಶಾಲೆಯಲ್ಲಿ ಕಲಿತು ಬಂದು ಅಂಗಳದಲ್ಲಿ ಕುಳಿತು ಸರಿಪಡಿಸುವ ದಿನ ಬಂದರೆ, ಆ ಶಾಲೆಯ ವಿದ್ಯೆ ಮನೆಯನ್ನು ಮುಟ್ಟಿತೆಂದು ನಿಶ್ಚಿಂತೆಯಿಂದ ಹೇಳಬಹುದು.